ಗೀಸರ್ ನೀರು ಸರಿಯಾಗಿ ಕಾಯುತ್ತಿಲ್ಲವೇ? ಕಾಯಿಲ್ ಬದಲಾಯಿಸುವ ಮೊದಲು ಈ ಕ್ರಮದಲ್ಲಿ ನೋಡಿ

ಡಿಸೆಂಬರ್ ಚಳಿ ಶುರುವಾದರೆ ಬೆಂಗಳೂರಿನ ಮನೆ ಮನೆಯಲ್ಲೂ ಒಂದೇ ದೂರು. ಗೀಸರ್ ಹಾಕಿ ಅರ್ಧ ಗಂಟೆ ಆಯ್ತು, ನೀರು ಇನ್ನೂ ಉಗುರು ಬೆಚ್ಚಗೆ. ಕೂಡಲೇ ಸಿಗುವ ಉತ್ತರವೂ ಒಂದೇ: "ಕಾಯಿಲ್ ಹೋಗಿರಬೇಕು." ಕಾಯಿಲ್ ಬದಲಾಯಿಸುತ್ತಾರೆ, ನೀರು ಹಾಗೇ ಇರುತ್ತದೆ. ಆಮೇಲೆ, ನೀರು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಬದಲಾಯಿಸುತ್ತಾರೆ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಪ್ಲಗ್‌ನಲ್ಲಿ, ಇಲ್ಲವೇ ಷವರ್ ಮಿಕ್ಸರ್‌ನಲ್ಲಿ.

ಜನ ಎಡವುವುದು ಕ್ರಮದಲ್ಲಿ. ಬಿಚ್ಚುವ ಕೆಲಸ ಮೊದಲು ಶುರುವಾಗುತ್ತದೆ. ಬಿಚ್ಚದೆಯೇ ತಿಳಿದುಕೊಳ್ಳಬಹುದಾದದ್ದನ್ನು ಯಾರೂ ನೋಡುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಗೀಸರ್ ಕರೆಂಟ್ ಎಳೆಯುತ್ತಿದೆಯಾ, ಇಲ್ಲವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧದಷ್ಟು ಅನುಮಾನಗಳು ಅಲ್ಲೇ ಮುಗಿಯುತ್ತವೆ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ. ದಯವಿಟ್ಟು ಹಂತ ಹಾರಿಸಬೇಡಿ.

ಇದು ಗೋಡೆಗೆ ಹಾಕುವ 10, 15, 25 ಲೀಟರ್ ಎಲೆಕ್ಟ್ರಿಕ್ ಗೀಸರ್‌ಗಳಿಗೆ. 3 ಲೀಟರ್ ಇನ್‌ಸ್ಟಂಟ್ ಗೀಸರ್ ಬಗ್ಗೆಯೂ ಅಲ್ಲಲ್ಲಿ ಹೇಳಿದ್ದೇನೆ. ಗ್ಯಾಸ್ ಗೀಸರ್ ಬೇರೆಯೇ ವಿಷಯ, ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಈ ಲಕ್ಷಣ ಕಂಡರೆ ಇಲ್ಲೇ ನಿಲ್ಲಿಸಿ

ನಲ್ಲಿ ಮುಟ್ಟಿದಾಗ ಅಥವಾ ನೀರಿಗೆ ಕೈ ಒಡ್ಡಿದಾಗ ಸಣ್ಣಗೆ ಜುಮ್ ಅಂದರೂ ಸಾಕು, ಗೀಸರ್‌ನ ಎಂಸಿಬಿ (ಶಾರ್ಟ್, ಓವರ್‌ಲೋಡ್ ಆದರೆ ತಾನೇ ಬೀಳುವ ಸ್ವಿಚ್) ಕೆಳಗಿಳಿಸಿ. ಯಾರೂ ಆ ಬಾತ್‌ರೂಮ್‌ನಲ್ಲಿ ಸ್ನಾನ ಮಾಡಬಾರದು. "ಸ್ವಲ್ಪ ಶಾಕ್ ಅಷ್ಟೇ" ಎಂದು ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವ ಮನೆಗಳಿವೆ. ಇದು ಜೀವಕ್ಕೆ ಬರುವ ವಿಷಯ. ಕಾಯಿಲ್‌ನಿಂದ ನೀರಿಗೆ ಕರೆಂಟ್ ಸೋರುತ್ತಿದೆ, ಜೊತೆಗೆ ಅರ್ತಿಂಗ್ ಕೂಡ ಕೆಲಸ ಮಾಡುತ್ತಿಲ್ಲ ಎಂಬುದೇ ಇದರ ಸಾಮಾನ್ಯ ಅರ್ಥ.

ನಲ್ಲಿಯಿಂದ ನೀರಿನ ಬದಲು ಹಬೆ ಉಗುಳಿಕೊಂಡು ಬಂದರೆ, ಗೀಸರ್ ಒಳಗೆ ಕುದಿಯುವ ಶಬ್ದ ನಿಲ್ಲದಿದ್ದರೆ ಥರ್ಮೋಸ್ಟಾಟ್ ಆಫ್ ಆಗದೆ ಅಂಟಿಕೊಂಡಿದೆ. ಎಂಸಿಬಿ ಆಫ್ ಮಾಡಿ, ಹತ್ತಿರ ಹೋಗದೆ ತಣ್ಣಗಾಗಲು ಬಿಡಿ.

ಸುಟ್ಟ ವಾಸನೆ, ಪ್ಲಗ್ ಬಳಿ ಚಟಚಟ ಶಬ್ದ, ತಳದ ಮುಚ್ಚಳದಿಂದ ನೀರಿನ ಹನಿ ಇದ್ದರೂ ಮೊದಲ ಕೆಲಸ ಎಂಸಿಬಿ ಆಫ್. ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್.

ಬೇಕಾದ ಸಾಮಾನು

ಮೊದಲ ನಾಲ್ಕು ಹಂತಗಳಿಗೆ ಒಂದು ಬಕೆಟ್, ಫೋನಿನ ಗಡಿಯಾರ, ಒಂದು ಟೆಸ್ಟರ್ ಸಾಕು. ಬಿಸಿ ಅಳೆಯಲು ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಜ್ವರ ನೋಡುವುದು ಇದಕ್ಕೆ ಆಗುವುದಿಲ್ಲ.

ಮುಚ್ಚಳ ಬಿಚ್ಚುವ ಹಂತಕ್ಕೆ ಬಂದರೆ ಸ್ಟಾರ್ ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಮಲ್ಟಿಮೀಟರ್, ಟಾರ್ಚ್, ಟೆಫ್ಲಾನ್ ಟೇಪ್, ಅಲುಗಾಡದ ಏಣಿ ಬೇಕು. ಕಾಯಿಲ್ ಹೊರತೆಗೆಯುವುದಾದರೆ ಹೊಸ ಗ್ಯಾಸ್ಕೆಟ್ (ನೀರು ಸೋರದಂತೆ ನಡುವೆ ಹಾಕುವ ರಬ್ಬರ್ ಬಳೆ) ಮೊದಲೇ ತಂದಿಟ್ಟುಕೊಳ್ಳಿ. ಹಳೆಯದನ್ನೇ ಮತ್ತೆ ಹಾಕಿದರೆ ಸೋರುತ್ತದೆ. ಭಾನುವಾರ ಸಂಜೆ ಗೀಸರ್ ಬಿಚ್ಚಿಟ್ಟುಕೊಂಡು ಅಂಗಡಿ ಹುಡುಕುವ ಪರಿಸ್ಥಿತಿ ಬೇಡ.

ವಾರಂಟಿ ಇನ್ನೂ ಇದೆಯಾ ನೋಡಿ. ಇದ್ದರೆ ನಾಲ್ಕನೇ ಹಂತಕ್ಕೆ ನಿಲ್ಲಿಸಿ ಕಂಪನಿಯವರನ್ನು ಕರೆಯಿರಿ. ನೀವೇ ಬಿಚ್ಚಿದರೆ ವಾರಂಟಿ ಕೈತಪ್ಪಬಹುದು.

ಹಂತ 1: ನಿಜವಾಗಿ ಕೆಟ್ಟಿದೆಯಾ ನೋಡಿ

ಎಷ್ಟೋ ಸಲ ಗೀಸರ್ ಕೆಟ್ಟಿರುವುದೇ ಇಲ್ಲ. 15 ಲೀಟರ್ ಗೀಸರ್ ನೀರನ್ನು 60 ಡಿಗ್ರಿಗೆ ಕಾಯಿಸಿತು ಅನ್ನಿ. ಅದಕ್ಕೆ 20 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸಿಗುವುದು ಸುಮಾರು 30 ಲೀಟರ್. ಅಂದರೆ ಒಂದೂವರೆಯಿಂದ ಎರಡು ಬಕೆಟ್. ಮೂರು ಜನ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಮೂರನೆಯವರಿಗೆ ತಣ್ಣೀರೇ ಸಿಗುತ್ತದೆ. ಇದರಲ್ಲಿ ಗೀಸರ್ ತಪ್ಪೇನೂ ಇಲ್ಲ.

3 ಲೀಟರ್ ಇನ್‌ಸ್ಟಂಟ್ ಗೀಸರ್‌ನ ಕಥೆ ಇನ್ನೂ ಕಷ್ಟ. 3 ಕಿಲೋವ್ಯಾಟ್ ಕಾಯಿಲ್ ನಿಮಿಷಕ್ಕೆ 3 ಲೀಟರ್ ಹರಿಯುವ ನೀರನ್ನು ಸುಮಾರು 14 ಡಿಗ್ರಿಯಷ್ಟೇ ಏರಿಸಬಲ್ಲದು. ಪ್ರೆಷರ್ ಪಂಪ್ ಇರುವ ಮನೆಯಲ್ಲಿ ಷವರ್ ತಿರುಗಿಸಿದರೆ ನಿಮಿಷಕ್ಕೆ 6 ಲೀಟರ್ ದಾಟಬಹುದು. ಆಗ ಏರುವುದು 7 ಡಿಗ್ರಿ ಮಾತ್ರ. ಇಂಥ ಗೀಸರ್ ಅಡುಗೆಮನೆ ಸಿಂಕಿಗೆ, ಇಲ್ಲವೇ ನಿಧಾನಕ್ಕೆ ಬಕೆಟ್ ತುಂಬಿಸಿಕೊಳ್ಳುವುದಕ್ಕೆ ಸರಿ. ಷವರ್‌ಗೆ ಯಾವ ರಿಪೇರಿ ಮಾಡಿಸಿದರೂ ಸಾಲದು.

ಪರೀಕ್ಷೆ ಹೀಗೆ ಮಾಡಿ. ಗೀಸರ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಎದ್ದ ಕೂಡಲೇ, ನಾಬ್ ಅನ್ನು 60 ಡಿಗ್ರಿಗೆ ಇಟ್ಟು ಆನ್ ಮಾಡಿ. ನಡುವೆ ಯಾರೂ ಬಿಸಿನೀರಿನ ನಲ್ಲಿ ತಿರುಗಿಸಬಾರದು. 2 ಕಿಲೋವ್ಯಾಟ್ ಕಾಯಿಲ್ ಇದ್ದರೆ 20 ಡಿಗ್ರಿಯಿಂದ 60ಕ್ಕೆ ಏರಲು ಬೇಕಾಗುವ ಹೊತ್ತು ಸುಮಾರು ಇಷ್ಟು: 10 ಲೀಟರ್‌ಗೆ 14 ನಿಮಿಷ, 15 ಲೀಟರ್‌ಗೆ 21 ನಿಮಿಷ, 25 ಲೀಟರ್‌ಗೆ 35 ನಿಮಿಷ. ಎರಡು ಮೂರು ನಿಮಿಷ ಜಾಸ್ತಿಯಾದರೂ ಚಿಂತೆಯಿಲ್ಲ. ಕಾಯಿಲ್ ಎಷ್ಟು ವ್ಯಾಟ್ ಎಂಬುದು ಗೀಸರ್ ಮೈಮೇಲಿನ ಸ್ಟಿಕರ್‌ನಲ್ಲಿ ಇರುತ್ತದೆ.

ಇಷ್ಟು ಹೊತ್ತಾದ ಮೇಲೆ ಸ್ವಿಚ್ ಆಫ್ ಮಾಡಿ, ಬಿಸಿನೀರನ್ನಷ್ಟೇ ಬಕೆಟ್‌ಗೆ ಬಿಟ್ಟು ಅಳೆಯಿರಿ. ಪೈಪಿನಲ್ಲಿ ನಿಂತಿದ್ದ ತಣ್ಣೀರು ಮೊದಲು ಬರುತ್ತದೆ, ಅದನ್ನು ಬೇರೆ ಬಕೆಟ್‌ಗೆ ಹಿಡಿಯಿರಿ. ನೀರು 55 ಡಿಗ್ರಿ ದಾಟಿದ್ದರೆ ಗೀಸರ್ ಸರಿಯಾಗಿದೆ, ನೇರ ನಾಲ್ಕನೇ ಹಂತಕ್ಕೆ ಹೋಗಿ.

ಹಂತ 2: ಮೀಟರ್ ನೋಡಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಆದರೆ ಎಲ್ಲಕ್ಕಿಂತ ಜಾಸ್ತಿ ಹೇಳುವುದೂ ಇದೇ.

ಬೆಸ್ಕಾಂ ಡಿಜಿಟಲ್ ಮೀಟರ್ ಮುಂದೆ ನಿಂತು ನೋಡಿ. ಪುಟ್ಟ ಕೆಂಪು ದೀಪ ಒಂದು ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲೇ 3200 ಅಥವಾ 1600 ಅಂತ ಒಂದು ಸಂಖ್ಯೆ ಅಚ್ಚಾಗಿರಬಹುದು. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಆ ದೀಪ ಅಷ್ಟು ಸಲ ಮಿನುಗುತ್ತದೆ ಎಂದು ಅರ್ಥ.

ಫ್ರಿಜ್, ಮೋಟರ್, ಟಿವಿ, ಫ್ಯಾನ್ ಎಲ್ಲ ಆಫ್ ಮಾಡಿ. ದೀಪ ತುಂಬಾ ನಿಧಾನಕ್ಕೆ ಬರುತ್ತದೆ. ಈಗ ತಣ್ಣಗಿರುವ ಗೀಸರ್ ಒಂದನ್ನೇ ಹಾಕಿಸಿ. 2 ಕಿಲೋವ್ಯಾಟ್ ಗೀಸರ್ ಸರಿಯಾಗಿ ಎಳೆಯುತ್ತಿದ್ದರೆ 3200ರ ಮೀಟರ್‌ನಲ್ಲಿ ನಿಮಿಷಕ್ಕೆ ಸುಮಾರು 107 ಸಲ, 1600ರ ಮೀಟರ್‌ನಲ್ಲಿ 53 ಸಲ ಮಿನುಗಬೇಕು. ಎಣಿಸುವುದು ಕಷ್ಟವಾದರೆ ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ, ನಿಧಾನಕ್ಕೆ ಓಡಿಸಿ ಎಣಿಸಿ. ಮೀಟರ್ ಕೆಳಗಿನ ಪ್ಯಾನೆಲ್ ರೂಮಿನಲ್ಲಿದ್ದರೆ ಮನೆಯಲ್ಲಿ ಒಬ್ಬರು ಫೋನಿನಲ್ಲಿ ಇರಲಿ. ಕೆಲವು ಅಪಾರ್ಟ್‌ಮೆಂಟ್‌ಗಳ ಪ್ರೀಪೇಯ್ಡ್ ಮೀಟರ್‌ನಲ್ಲಿ ಆಗಿನ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೇರವಾಗಿ ಕಾಣುತ್ತದೆ, ಆಗ ಎಣಿಸುವ ತಾಪತ್ರಯವೇ ಇಲ್ಲ.

ಕಂಡದ್ದನ್ನು ಹೀಗೆ ಓದಿ:

ವೇಗ ಏನೂ ಬದಲಾಗಲಿಲ್ಲ. ಕರೆಂಟ್ ಕಾಯಿಲ್ ತಲುಪುತ್ತಿಲ್ಲ, ಇಲ್ಲವೇ ಕಾಯಿಲ್ ಹರಿದಿದೆ. ಮೂರನೇ ಹಂತಕ್ಕೆ ಹೋಗಿ.

ವೇಗ ಜಾಸ್ತಿಯಾಯಿತು, ಆದರೆ ಇರಬೇಕಾದಷ್ಟಿಲ್ಲ. ವೋಲ್ಟೇಜ್ ಕಡಿಮೆ ಇದೆ. ಇದೂ ಮೂರನೇ ಹಂತದಲ್ಲಿದೆ.

ಸರಿಯಾದ ವೇಗ, ಆದರೆ ಐದಾರು ನಿಮಿಷಕ್ಕೆ ನಿಂತಿತು, ನೀರು ಇನ್ನೂ ಬೆಚ್ಚಗಷ್ಟೇ ಇದೆ. ಥರ್ಮೋಸ್ಟಾಟ್ ಬೇಗ ಆಫ್ ಆಗುತ್ತಿದೆ. ಐದನೇ ಹಂತ.

ಸರಿಯಾದ ವೇಗ, ಹೇಳಿದಷ್ಟು ಹೊತ್ತು ಓಡಿ ನಿಂತಿತು. ಗೀಸರ್ ತನ್ನ ಕೆಲಸ ಮಾಡಿದೆ. ತೊಂದರೆ ನೀರಿನ ಪೈಪಿನ ಕಡೆ ಇದೆ. ನಾಲ್ಕನೇ ಹಂತ.

ಸರಿಯಾದ ವೇಗ, ಗಂಟೆಯಾದರೂ ನಿಲ್ಲುತ್ತಿಲ್ಲ, ನೀರು ಮಾತ್ರ ಬೆಚ್ಚಗೆ. ಬಿಸಿನೀರು ಎಲ್ಲೋ ಹರಿದುಹೋಗುತ್ತಿದೆ, ಇಲ್ಲವೇ ತಣ್ಣೀರು ಒಳಗೆ ಸೇರುತ್ತಿದೆ. ಇದಕ್ಕೂ ನಾಲ್ಕನೇ ಹಂತ.

ಇದನ್ನು ನೋಡದೆ ಕಾಯಿಲ್‌ಗೆ ದುಡ್ಡು ಕೊಡಬೇಡಿ. ಮೀಟರ್ ಪೂರ್ತಿ ವೇಗದಲ್ಲಿ ಓಡುತ್ತಿದ್ದರೆ ಕಾಯಿಲ್ ಹೋಗಿಲ್ಲ.

ಹಂತ 3: ಕರೆಂಟ್ ಗೀಸರ್‌ವರೆಗೆ ಬರುತ್ತಿದೆಯಾ

ನಿಮ್ಮ ಮನೆಗೆ ಮೂರು ಫೇಸ್ ಇದ್ದರೆ ಮೊದಲು ಅದನ್ನೇ ನೋಡಿ. ಒಂದು ಫೇಸ್ ಹೋದರೂ ಹಾಲ್‌ನಲ್ಲಿ ಲೈಟು, ಫ್ಯಾನು ಓಡುತ್ತಿರುತ್ತವೆ, ಗೀಸರ್ ಇರುವ ಫೇಸ್ ಮಾತ್ರ ಸತ್ತಿರುತ್ತದೆ. ಅಕ್ಕಪಕ್ಕದವರಿಗೂ ಹೀಗೇ ಆಗಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಜನರೇಟರ್ ಮೇಲೆ ಓಡುವಾಗ ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಲೋಡ್ ಮಿತಿ ಇರುತ್ತದೆ, ಆಗ ಗೀಸರ್ ಹಾಕಿದರೆ ಮನೆಯ ಸಪ್ಲೈಯೇ ಕಟ್ ಆಗುತ್ತದೆ. ಇದೂ ಗೀಸರ್ ದೋಷವಲ್ಲ.

ಎಂಸಿಬಿ ಬಿದ್ದಿದೆಯಾ ನೋಡಿ. ಒಂದು ಸಲ ಮೇಲೆತ್ತಿ ನೋಡಬಹುದು. ಮತ್ತೆ ಬಿದ್ದರೆ ಸುಮ್ನೆ ಎತ್ತುತ್ತಾ ಕೂರಬೇಡಿ. ಎಂಸಿಬಿ ಬಿದ್ದರೆ ಶಾರ್ಟ್ ಅಥವಾ ಓವರ್‌ಲೋಡ್, ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ಅರ್ತ್‌ಗೆ ಸೋರುತ್ತಿದೆ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನೇ ತೆಗೆಸಿಹಾಕುವವರಿದ್ದಾರೆ. ಮನೆಯವರ ಜೀವ ಕಾಯುವುದು ಅದು. 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ, ಇದ್ದರೆ ಅದರ ಮಾತು ಕೇಳಿ.

ಈಗ ಪ್ಲಗ್ ಮತ್ತು ಸಾಕೆಟ್. ನನ್ನ ಪ್ರಕಾರ ಇಲ್ಲಿಗೆ ಕೊಡಬೇಕಾದಷ್ಟು ಗಮನ ಯಾರೂ ಕೊಡುವುದಿಲ್ಲ. 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದು 13 ಆಂಪ್. ಅದೂ ನಿಲ್ಲದೆ 20 ನಿಮಿಷ. ಸಾಕೆಟ್ ಒಳಗಿನ ಹಿಡಿತ ಕೊಂಚ ಸಡಿಲವಾದರೂ ಅಲ್ಲೇ ಕಾವು ಹುಟ್ಟುತ್ತದೆ. ಎಂಸಿಬಿ ಆಫ್ ಮಾಡಿ ಪ್ಲಗ್ ಎಳೆದು ಬೆಳಕಿಗೆ ಹಿಡಿಯಿರಿ. ಹಿತ್ತಾಳೆ ಪಿನ್ ಹೊಳೆಯುತ್ತಿರಬೇಕು. ಒಂದು ಪಿನ್ ಮಾತ್ರ ಕಪ್ಪಾಗಿ, ಅದರ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಉಬ್ಬಿದ್ದರೆ ಕಳ್ಳ ಸಿಕ್ಕ. ಸಾಕೆಟ್‌ನ ಅದೇ ತೂತಿನ ಸುತ್ತಲೂ ಕಂದು ಬಳೆ ಕಾಣುತ್ತದೆ. ಪ್ಲಗ್ ಟಾಪ್, ಸಾಕೆಟ್ ಎರಡನ್ನೂ ಬದಲಾಯಿಸಬೇಕು. ಒಂದನ್ನೇ ಬದಲಾಯಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. 16 ಆಂಪ್‌ನ ಒಳ್ಳೆಯ ಮಾಲೇ ಹಾಕಿಸಿ. ಗೀಸರ್‌ಗೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ವೋಲ್ಟೇಜ್ ಕಡಿಮೆಯಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. 230 ವೋಲ್ಟ್‌ಗೆ 2000 ವ್ಯಾಟ್ ಕೊಡುವ ಕಾಯಿಲ್ 190 ವೋಲ್ಟ್‌ಗೆ ಸುಮಾರು 1365 ವ್ಯಾಟ್ ಮಾತ್ರ ಕೊಡುತ್ತದೆ. 21 ನಿಮಿಷದ ಕೆಲಸ 31 ನಿಮಿಷಕ್ಕೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಇಡೀ ಬೀದಿಯ ಗೀಸರ್ ಓಡುವಾಗ ನಿಧಾನ, ಮಧ್ಯಾಹ್ನ ಸರಿ ಅನ್ನುವ ಮನೆಗಳಲ್ಲಿ ಇದನ್ನೇ ಮೊದಲು ಅನುಮಾನಿಸಿ.

ಗೀಸರ್‌ನ ದೀಪಗಳನ್ನೂ ನೋಡಿ. ಹೆಚ್ಚಿನವುಗಳಲ್ಲಿ ಕರೆಂಟ್ ಇದೆ ಎನ್ನಲು ಒಂದು, ಕಾಯುತ್ತಿದೆ ಎನ್ನಲು ಇನ್ನೊಂದು ಇರುತ್ತದೆ. ಕಾಯುವ ದೀಪ ಉರಿಯುತ್ತಿದ್ದರೂ ಮೀಟರ್ ಅಲುಗದಿದ್ದರೆ ಅನುಮಾನ ಕಾಯಿಲ್ ಮೇಲೆ. ನೀರು ತಣ್ಣಗಿದ್ದರೂ ಕಾಯುವ ದೀಪ ಉರಿಯದಿದ್ದರೆ ಥರ್ಮೋಸ್ಟಾಟ್ ಅಥವಾ ಕಟೌಟ್ (ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಭಾಗ) ಮೇಲೆ. ಆದರೆ ದೀಪಗಳೇ ಕೆಟ್ಟಿರಬಹುದು. ಅದಕ್ಕೇ ದೀಪಕ್ಕಿಂತ ಮೀಟರ್ ನಂಬಿ.

ಹಂತ 4: ತಣ್ಣೀರು ಕಳ್ಳದಾರಿಯಲ್ಲಿ ಸೇರುತ್ತಿದೆಯಾ

ಮೀಟರ್ ಸರಿಯಾಗಿ ಓಡಿಯೂ ನಲ್ಲಿಯಲ್ಲಿ ಬಿಸಿ ಇಲ್ಲ ಅಂದರೆ ಪ್ಲಂಬಿಂಗ್ ನೋಡಬೇಕು. ಇದು ಗೊತ್ತಿಲ್ಲದೆ ಗೀಸರ್ ಬದಲಾಯಿಸಿದವರೂ ಇದ್ದಾರೆ. ಹೊಸ ಗೀಸರ್‌ನಲ್ಲೂ ಅದೇ ಕಥೆ.

ಷವರ್‌ನ ವಾಲ್ ಮಿಕ್ಸರ್ ಅಥವಾ ಡೈವರ್ಟರ್‌ನಲ್ಲಿ ಬಿಸಿ ಮತ್ತು ತಣ್ಣೀರಿನ ಪೈಪುಗಳು ಒಂದೇ ಕಡೆ ಸೇರುತ್ತವೆ. ಮಿಕ್ಸರ್‌ನ ಎರಡೂ ನಾಬ್ ತೆರೆದಿಟ್ಟು ಹ್ಯಾಂಡ್ ಷವರ್‌ನ ತುದಿಯಲ್ಲಿ ಮಾತ್ರ ನೀರು ನಿಲ್ಲಿಸಿದರೆ ಏನಾಗುತ್ತದೆ? ತಣ್ಣೀರಿನ ಒತ್ತಡ ಜಾಸ್ತಿಯಿದ್ದರೆ ಅದು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಬೇರೆ ನಲ್ಲಿಗಳಲ್ಲಿ ಬಿಸಿನೀರು ಬೆಚ್ಚಗಾಗುತ್ತದೆ. ಮಿಕ್ಸರ್ ಒಳಗಿನ ಕಾರ್ಟ್ರಿಜ್ (ನೀರು ತೆರೆದು ಮುಚ್ಚುವ ಭಾಗ) ಸವೆದಿದ್ದರೆ ನಾಬ್ ಮುಚ್ಚಿದ್ದರೂ ಹೀಗಾಗುತ್ತದೆ.

ಪರೀಕ್ಷೆ ಸುಲಭ. ಗೀಸರ್ ಆಫ್ ಮಾಡಿ. ಗೀಸರ್‌ಗೆ ತಣ್ಣೀರು ಹೋಗುವ ಆಂಗಲ್ ವಾಲ್ವ್ ಪೂರ್ತಿ ಮುಚ್ಚಿ. ಈಗ ವಾಷ್ ಬೇಸಿನ್‌ನ ಬಿಸಿನೀರಿನ ನಲ್ಲಿ ಒಂದನ್ನೇ ತಿರುಗಿಸಿ. ಸ್ವಲ್ಪ ಬಂದು ನಿಲ್ಲಬೇಕು. ನಿಲ್ಲದೆ ಧಾರೆಯಾಗಿ ಬರುತ್ತಲೇ ಇದ್ದರೆ ಆ ನೀರು ಗೀಸರ್‌ನಿಂದ ಬರುತ್ತಿಲ್ಲ, ಯಾವುದೋ ಮಿಕ್ಸರ್ ಮೂಲಕ ಬರುತ್ತಿದೆ. ಒಂದೊಂದೇ ಮಿಕ್ಸರ್‌ನ ತಣ್ಣೀರಿನ ವಾಲ್ವ್ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದರ ಕಾರ್ಟ್ರಿಜ್ ಬದಲಾಯಿಸಿ.

ಚಾವಣಿ ಮೇಲೆ ಸೋಲಾರ್ ಇದ್ದು ಅದರ ಪೈಪು ಗೀಸರ್ ಲೈನಿಗೆ ಸೇರಿದ್ದರೆ ನಡುವಿನ ಬೈಪಾಸ್ ವಾಲ್ವ್‌ಗಳನ್ನೂ ನೋಡಿ. ಮೋಡ ಕವಿದ ದಿನಗಳಲ್ಲಿ ಸೋಲಾರ್ ಟ್ಯಾಂಕಿನ ತಣ್ಣೀರು ನೇರ ನಲ್ಲಿಗೆ ಬರುತ್ತಿರುತ್ತದೆ, ಗೀಸರ್ ಪಾಪ ಪಕ್ಕದಲ್ಲಿ ಬಿಸಿನೀರು ತುಂಬಿಕೊಂಡು ಕೂತಿರುತ್ತದೆ.

ಇನ್ನೊಂದು ತಪ್ಪು ಸರ್ವಿಸ್ ಅಥವಾ ಮನೆ ಬದಲಾವಣೆ ಆದ ಮೇಲೆ ಕಾಣುತ್ತದೆ. ಗೀಸರ್ ತಳದಲ್ಲಿ ನೀಲಿ ಗುರುತಿನ ಕಡೆ ತಣ್ಣೀರು ಒಳಗೆ ಹೋಗಬೇಕು, ಕೆಂಪು ಗುರುತಿನ ಕಡೆಯಿಂದ ಬಿಸಿನೀರು ಬರಬೇಕು. ಬಿಸಿನೀರು ಟ್ಯಾಂಕಿನ ಮೇಲ್ಭಾಗದಲ್ಲಿ ನಿಲ್ಲುವುದರಿಂದ ಕೆಂಪು ಕಡೆಯ ಪೈಪು ಒಳಗೆ ಮೇಲಿನವರೆಗೂ ಹೋಗಿರುತ್ತದೆ. ಎರಡನ್ನೂ ಅದಲು ಬದಲು ಜೋಡಿಸಿದರೆ ಸ್ವಲ್ಪ ಹೊತ್ತು ಬೆಚ್ಚಗೆ ಬಂದು ಆಮೇಲೆ ತಣ್ಣಗಾಗುತ್ತದೆ. ಜೋಡಣೆ ಸರಿಯಿದ್ದೂ ಹೀಗಾದರೆ ಆ ಒಳಪೈಪು ತುಕ್ಕು ಹಿಡಿದು ತೂತಾಗಿರಬಹುದು.

ಹಂತ 5: ಮುಚ್ಚಳ ಬಿಚ್ಚಿ ಥರ್ಮೋಸ್ಟಾಟ್ ನೋಡುವುದು

ಇಲ್ಲಿಂದ ಮುಂದೆ ಕರೆಂಟ್ ಕೆಲಸ. ಕೈ ಅಳುಕಿದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಇಲ್ಲಿವರೆಗೆ ಕಂಡದ್ದನ್ನು ಅವರಿಗೆ ಹೇಳಿದರೆ ಅವರ ಕೆಲಸವೂ ಸುಲಭ, ನಿಮ್ಮ ಖರ್ಚೂ ಕಡಿಮೆ.

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಸಾಮಾನ್ಯವಾಗಿ ಒಂದೇ ತಂತಿಯನ್ನು ಕಡಿಯುತ್ತದೆ. ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಗೀಸರ್ ಒಳಗೆ ಕರೆಂಟ್ ಇರುತ್ತದೆ. ಎಂಸಿಬಿ ಆಫ್ ಮಾಡಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೆಲ್ಲ ಹೇಳಿ. ಪ್ಲಗ್ ಕೂಡ ಎಳೆದಿಡಿ.

ತಳದ ಮುಚ್ಚಳದ ಸ್ಕ್ರೂ ಬಿಚ್ಚಿ ನಿಧಾನಕ್ಕೆ ಇಳಿಸಿ, ದೀಪದ ತಂತಿಗಳು ಮುಚ್ಚಳಕ್ಕೆ ಅಂಟಿಕೊಂಡಿರಬಹುದು. ಏನನ್ನೂ ಮುಟ್ಟುವ ಮೊದಲು ಎರಡು ಮೂರು ಫೋಟೋ ತೆಗೆಯಿರಿ. ಮಲ್ಟಿಮೀಟರ್‌ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ನೋಡಿ. ಮೂರೂ ಸೊನ್ನೆ ಬಂದ ಮೇಲೆ ಕೈ ಹಾಕಿ.

ಸಡಿಲವಾದ, ಕಪ್ಪಾದ ಕನೆಕ್ಷನ್ ಇದೆಯಾ ನೋಡಿ. ಕರಗಿದ ತಂತಿ ತುದಿಯೇ ಕಾರಣವಾಗಿರುವುದುಂಟು.

ಥರ್ಮೋಸ್ಟಾಟ್‌ನ ತಂತಿ ಬಿಚ್ಚಿ ಮಲ್ಟಿಮೀಟರ್ ಅನ್ನು ಓಮ್‌ಗೆ ಇಡಿ. ನೀರು ತಣ್ಣಗಿರುವಾಗ ಅದರ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆ ಸೊನ್ನೆಗೆ ಹತ್ತಿರ ತೋರಿಸಬೇಕು. ಮಲ್ಟಿಮೀಟರ್‌ನಲ್ಲಿ ಓಎಲ್ (OL) ಎಂಬ ಅಕ್ಷರ ಬಂದರೆ ದಾರಿ ಕಡಿದಿದೆ. ಕೂಡಲೇ ಬಿಸಾಡಬೇಡಿ. ಹೆಚ್ಚಿನ ಗೀಸರ್‌ಗಳಲ್ಲಿ ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಇರುತ್ತದೆ, ಅದಕ್ಕೆ ಪುಟ್ಟ ರೀಸೆಟ್ ಗುಂಡಿ ಇರಬಹುದು. ಒತ್ತಿದರೆ ಟಕ್ ಎಂದು ಕೂರುತ್ತದೆ. ಆದರೆ ಕಟೌಟ್ ಸುಮ್ನೆ ಬೀಳುವುದಿಲ್ಲ. ರೀಸೆಟ್ ಆದ ಮೇಲೆ ಮತ್ತೆ ಬಿದ್ದರೆ ಥರ್ಮೋಸ್ಟಾಟ್ ಹೊತ್ತಿಗೆ ಸರಿಯಾಗಿ ಆಫ್ ಆಗುತ್ತಿಲ್ಲ, ಬದಲಾಯಿಸಿ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಕಡ್ಡಿಯ ಉದ್ದ, ಆಂಪ್, ಪಿನ್‌ಗಳು ಕೂರುವ ಜಾಗ ಮೂರೂ ಒಂದೇ ಆಗಿರಬೇಕು. ಬಡಾವಣೆಯ ಅಂಗಡಿಯಲ್ಲಿ ಸಿಗದಿದ್ದರೆ ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ.

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. "ಥರ್ಮೋಸ್ಟಾಟ್ ಸಿಗಲ್ಲ ಸಾರ್, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿರ್ತೀನಿ" ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಡೈರೆಕ್ಟ್ ಅಂದರೆ ನೀರು ಎಷ್ಟು ಕಾದರೂ ಕಾಯಿಲ್ ನಿಲ್ಲುವುದಿಲ್ಲ. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಕೂಡ ಉಪ್ಪು ಕಟ್ಟಿ ಕೂತಿದ್ದರೆ ಟ್ಯಾಂಕ್ ಒಡೆಯುತ್ತದೆ. ಒಂದು ವಾರ ಒಲೆ ಮೇಲೆ ನೀರು ಕಾಯಿಸಿಕೊಂಡರೂ ಪರವಾಗಿಲ್ಲ.

ಹಂತ 6: ಕಾಯಿಲ್ ಅಳೆಯುವುದು

ಕಾಯಿಲ್ ಹೊರಗೆ ತೆಗೆಯುವ ಅಗತ್ಯ ಇನ್ನೂ ಇಲ್ಲ. ಅದರ ಎರಡು ತುದಿಯ ತಂತಿ ಬಿಚ್ಚಿ ಓಮ್ ನೋಡಿ. 2 ಕಿಲೋವ್ಯಾಟ್ ಕಾಯಿಲ್ ಸುಮಾರು 26 ಓಮ್, 3 ಕಿಲೋವ್ಯಾಟ್‌ನದು 17-18 ಓಮ್ ತೋರಿಸಬೇಕು. ಓಎಲ್ ಬಂದರೆ ಕಾಯಿಲ್ ಹರಿದಿದೆ.

ಆಮೇಲೆ ಮಲ್ಟಿಮೀಟರ್‌ನ ಒಂದು ಕಡ್ಡಿ ಕಾಯಿಲ್ ತುದಿಗೆ, ಇನ್ನೊಂದು ಅದು ಕೂತಿರುವ ಲೋಹದ ತಟ್ಟೆಗೆ ಹಿಡಿಯಿರಿ. ಇಲ್ಲಿ ಓಎಲ್ ಬರಲೇಬೇಕು. ಯಾವುದೇ ಸಂಖ್ಯೆ ಬಂದರೂ ಕಾಯಿಲ್ ನೀರಿಗೆ ಕರೆಂಟ್ ಬಿಡುತ್ತಿದೆ. ಓಎಲ್ ಬಂದರೂ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ ಎಂಬ ಮೀಟರ್‌ನಲ್ಲಿ ನೋಡಿಸಿ. ಮಲ್ಟಿಮೀಟರ್‌ನ ಸಣ್ಣ ಬ್ಯಾಟರಿಗೆ ಕಾಣದ ಸೋರಿಕೆ ಅದರ 500 ವೋಲ್ಟ್‌ಗೆ ಕಾಣುತ್ತದೆ.

ಹಂತ 7: ಕಾಯಿಲ್ ಹೊರತೆಗೆದು ಉಪ್ಪು ತೆಗೆಯುವುದು

ಕಾವೇರಿ ನೀರು ಮಾತ್ರ ಬರುವ ಮನೆಗಳಲ್ಲಿ ಈ ಹಂತ ಅಪರೂಪ. ಬೋರ್‌ವೆಲ್, ಟ್ಯಾಂಕರ್ ನೀರಿನ ಮನೆಗಳಲ್ಲಿ ಇದೇ ಮುಖ್ಯ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದರೂ ಹೊರವಲಯದ ಎಷ್ಟೋ ಮನೆಗಳ ಸಂಪಿಗೆ ಈಗಲೂ ಉಪ್ಪು ನೀರು ಬೀಳುತ್ತಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 600. ನಿಮ್ಮ ನೀರು ಹೇಗಿದೆ ಎಂದು ಬಕೆಟ್ ಮತ್ತು ನಲ್ಲಿಯ ಮೇಲಿನ ಬಿಳಿ ಕಲೆಯೇ ಹೇಳುತ್ತದೆ. ಕಾಯುವಾಗ ಗೀಸರ್ ಒಳಗಿಂದ ಗೊರಗೊರ, ಚಟಪಟ ಶಬ್ದ ಬಂದರೆ ಉಪ್ಪು ದಪ್ಪಗೆ ಕಟ್ಟಿದೆ ಎಂದೇ ತಿಳಿಯಿರಿ.

ಉಪ್ಪು ಕಟ್ಟಿದ ಕಾಯಿಲ್ ಕರೆಂಟ್ ಜಾಸ್ತಿ ತಿನ್ನುತ್ತದೆ ಎಂಬ ಮಾತಿದೆ. ಕಾಯಿಲ್ ನೀರಿನೊಳಗೇ ಇರುವುದರಿಂದ ಅದರ ಕಾವು ಕೊನೆಗೆ ನೀರಿಗೇ ಸೇರುತ್ತದೆ. ನಿಜವಾದ ಹಾನಿ ಬೇರೆ. ಕಾವು ಬೇಗ ಹೊರಬರದೆ ಕಾಯಿಲ್ ಒಳಗೊಳಗೇ ಬೆಂದು ಹರಿಯುತ್ತದೆ. ಪಕ್ಕದ ಥರ್ಮೋಸ್ಟಾಟ್ ಕಡ್ಡಿಯೂ ಉಪ್ಪಿನಲ್ಲಿ ಹೂತುಹೋಗಿ, ನೀರು ಕಾಯುವ ಮೊದಲೇ ಆಫ್ ಆಗಬಹುದು. ಎರಡನೇ ಹಂತದಲ್ಲಿ ಮೀಟರ್ ಐದು ನಿಮಿಷಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ.

ಮೊದಲು ಗೀಸರ್ ಆಫ್ ಇಟ್ಟು ಬಿಸಿನೀರೆಲ್ಲ ಹರಿಸಿ, ತಣ್ಣೀರು ಬರುವವರೆಗೆ ಬಿಡಿ. ಕೈಗೆ ಬೊಬ್ಬೆ ಬರುವುದು ಇದನ್ನು ಬಿಟ್ಟವರಿಗೇ. ಆಮೇಲೆ ಆಂಗಲ್ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಡಿ. ತಣ್ಣೀರಿನ ಕಡೆಯ ಕನೆಕ್ಷನ್ ಪೈಪ್ ಮತ್ತು ವಾಲ್ವ್ ಬಿಚ್ಚಿ ಟ್ಯಾಂಕ್ ಖಾಲಿ ಮಾಡಿ. ಗಾಳಿ ಒಳಗೆ ಹೋಗದೆ ನೀರು ಇಳಿಯುವುದಿಲ್ಲ, ಹಾಗಾಗಿ ಕೆಂಪು ಕಡೆಯ ಪೈಪನ್ನೂ ಸಡಿಲಿಸಬೇಕಾಗಬಹುದು. ಕರೆಂಟ್ ಭಾಗಗಳ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ.

ಕಾಯಿಲ್ ತಟ್ಟೆಯ ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಕೆಳಗೆ ಬಕೆಟ್ ಇರಲಿ. ಉಳಿದ ನೀರಿನ ಜೊತೆ ಬಿಳಿ ಚೂರುಗಳು, ಕಂದು ಕೆಸರು ಸುರಿಯುತ್ತದೆ. ಹೊರಬಂದ ಕಾಯಿಲ್ ನೋಡಿದರೆ ಲೋಹವೇ ಕಾಣದಂತೆ ಮೊಟ್ಟೆ ಚಿಪ್ಪಿನ ಬಣ್ಣದ ಪದರ ಕೂತಿರುತ್ತದೆ, ಸುರುಳಿಗಳ ನಡುವಿನ ಸಂದೂ ತುಂಬಿರುತ್ತದೆ.

ಸ್ಕ್ರೂಡ್ರೈವರ್‌ನಿಂದ ಕುಟ್ಟಬೇಡಿ, ಹೊರಕವಚ ಸೀಳಿದರೆ ಶಾಕ್ ಹೊಡೆಯುವ ಕಾಯಿಲ್ ಆಗುತ್ತದೆ. ಬಿಳಿ ವಿನೆಗರ್‌ನಲ್ಲಿ, ಅಥವಾ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅದರಲ್ಲಿ ಕೆಲವು ಗಂಟೆ ನೆನೆಸಿಡಿ. ತಂತಿ ಜೋಡಿಸುವ ತುದಿಗಳು ಮುಳುಗಬಾರದು. ಗುಳ್ಳೆ ಏಳುವುದು ನಿಂತ ಮೇಲೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಬಾತ್‌ರೂಮ್ ಆಸಿಡ್ ಬಳಸಬೇಡಿ, ಅದು ಲೋಹವನ್ನೂ ತಿನ್ನುತ್ತದೆ. ಟ್ಯಾಂಕಿನ ಒಳಗೂ ಲೋಹದ ಕಡ್ಡಿ ಹಾಕಿ ಕೆರೆಯಬೇಡಿ, ಗಾಜಿನ ಲೇಪ ಇದ್ದರೆ ಹೋಗುತ್ತದೆ. ನೀರು ಬಿಟ್ಟು ಕೆಸರು ಇಳಿಸಿದರೆ ಸಾಕು.

ತಟ್ಟೆಯ ಪಕ್ಕದಲ್ಲೇ ಇರುವ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಒಳಗಿನ ಕಬ್ಬಿಣದ ಸರಳು ಕಾಣುತ್ತಿದ್ದರೆ ಈಗಲೇ ಬದಲಾಯಿಸಿ, ಹೇಗೂ ಬಿಚ್ಚಿದ್ದೀರಿ ಅಲ್ವಾ.

ಹಂತ 8: ಮತ್ತೆ ಜೋಡಿಸಿ ಆನ್ ಮಾಡುವುದು

ಹೊಸ ಕಾಯಿಲ್‌ಗಳು ಸುಡುವುದು ಹೆಚ್ಚಾಗಿ ಇಲ್ಲೇ. ಆತುರಕ್ಕೆ ನೀರು ತುಂಬುವ ಮೊದಲೇ ಸ್ವಿಚ್ ಹಾಕುತ್ತಾರೆ. ನೀರಿಲ್ಲದೆ ಓಡಿದ ಕಾಯಿಲ್ ನಿಮಿಷಗಳಲ್ಲೇ ಹೋಗುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಎದುರು ಬದುರಾಗಿ ಸಮವಾಗಿ ಬಿಗಿಯಿರಿ. ಪೈಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಸುತ್ತಿ ಜೋಡಿಸಿ. ಆಂಗಲ್ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ಒಂದೇ ಸಮನೆ ಧಾರೆ ಬರುವವರೆಗೆ ಕಾಯಿರಿ. ನಲ್ಲಿ ಮುಚ್ಚಿ, ತಟ್ಟೆಯ ಅಂಚಿಗೆ ಒಣ ಟಿಶ್ಯೂ ಪೇಪರ್ ಒತ್ತಿ 15 ನಿಮಿಷ ಬಿಟ್ಟು ನೋಡಿ. ಪೇಪರ್ ಒದ್ದೆಯಾಗದಿದ್ದರೆ ಫೋಟೋ ನೋಡಿಕೊಂಡು ತಂತಿ ಜೋಡಿಸಿ. ಹಸಿರು ಅರ್ತ್ ತಂತಿ ಮರೆಯಬೇಡಿ. ಮುಚ್ಚಳ ಹಾಕಿದ ಮೇಲೆಯೇ ಎಂಸಿಬಿ ಎತ್ತಿ.

ಮತ್ತೆ ಮೀಟರ್ ಎಣಿಸಿ, ಮತ್ತೆ ಬಕೆಟ್ ಪರೀಕ್ಷೆ ಮಾಡಿ. ಎರಡೂ ಸರಿಬಂದರೆ ಕೆಲಸ ಮುಗಿಯಿತು.

ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ಬಿದ್ದರೆ ಗಾಬರಿ ಬೇಡ. 15 ಲೀಟರ್ ನೀರು 60 ಡಿಗ್ರಿಗೆ ಕಾದರೆ ಸುಮಾರು ಕಾಲು ಲೀಟರ್‌ನಷ್ಟು ಹಿಗ್ಗುತ್ತದೆ, ಅದು ಹೊರಬರಲೇಬೇಕು. ಆ ಬಾಯಿಗೆ ಎಂಸೀಲ್ ಹಾಕಿ ಮುಚ್ಚುವುದು ಅಥವಾ ನಟ್ ಹಾಕುವುದು ಮಹಾ ಅಪಾಯ. ಗೀಸರ್ ಆಫ್ ಇದ್ದಾಗಲೂ ಹನಿಯುತ್ತಲೇ ಇದ್ದರೆ ವಾಲ್ವ್ ಬದಲಾಯಿಸಿ.

ರಿಪೇರಿ ಬಿಟ್ಟು ಹೊಸದು ತರಬೇಕಾದದ್ದು ಯಾವಾಗ

ಟ್ಯಾಂಕಿನ ಮೈಯಿಂದಲೇ ನೀರು ಒಸರುತ್ತಿದ್ದರೆ, ಬಿಸಿನೀರು ದಿನಾ ತುಕ್ಕಿನ ಬಣ್ಣದಲ್ಲಿ ಬರುತ್ತಿದ್ದರೆ ಟ್ಯಾಂಕ್ ಕೊರೆದಿದೆ. ಬೆಸುಗೆ ಹಾಕಿಸುವುದು ದುಡ್ಡು ದಂಡ. ವಾರಂಟಿ ಕಾರ್ಡ್ ಮಾತ್ರ ತೆಗೆದು ನೋಡಿ, ಟ್ಯಾಂಕಿಗೆ ಬೇರೆಯಾಗಿ ಜಾಸ್ತಿ ವರ್ಷದ ವಾರಂಟಿ ಕೊಡುವ ಕಂಪನಿಗಳು ಹಲವು.

ಸರ್ವಿಸ್‌ಗೆ ಫೋನ್ ಮಾಡುವಾಗ ಇಂಟರ್ನೆಟ್‌ನಲ್ಲಿ ಮೊದಲು ಕಂಡ ನಂಬರಿಗೆ ಮಾಡಬೇಡಿ. ಕಂಪನಿ ಹೆಸರಿನಲ್ಲಿ ನಕಲಿ ಕಸ್ಟಮರ್ ಕೇರ್ ನಂಬರ್‌ಗಳು ಓಡಾಡುತ್ತಿವೆ. ಕಾರ್ಡಿನಲ್ಲಿ ಅಥವಾ ಗೀಸರ್ ಮೈಮೇಲೆ ಅಚ್ಚಾದ ನಂಬರ್ ಬಳಸಿ. ಬಂದವರಿಗೆ ಮೀಟರ್ ಎಣಿಕೆ, ಬಕೆಟ್ ನೀರಿನ ಬಿಸಿ, ಆಂಗಲ್ ವಾಲ್ವ್ ಪರೀಕ್ಷೆ ಮೂರನ್ನೂ ಹೇಳಿ. ಬದಲಾಯಿಸಿದ ಹಳೆ ಭಾಗವನ್ನು ಕೇಳಿ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಸುಟ್ಟ ಪ್ಲಗ್, ಉಪ್ಪು ಕಟ್ಟಿದ ಕಾಯಿಲ್‌ನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಖರ್ಚು ಯಾರದು ಎಂಬ ಮಾತುಕತೆಯನ್ನು ಕೆಲಸ ಶುರು ಮಾಡಿಸುವ ಮೊದಲೇ ಮುಗಿಸಿಕೊಳ್ಳಿ.